ಹೊನ್ನನೆತ್ತಿಯ ಕಿರುಹಕ್ಕಿ



ಹಿಮಾಲಯದ ಯಾತ್ರೆಯಿಂದ ಮರಳಿದವರು ದೇವದಾರು ವನಗಳ ನಿಶ್ಶಬ್ದತೆಯನ್ನು ಕೊಂಡಾಡುವುದುಂಟು. ಆ ಮೌನಕ್ಕೆ ಕೆಲವು ವೇಳೆ ನಮ್ಮ ಕಿವಿಯೇ ಕಾರಣವೆಂದರೆ ತಾವು ಆಶ್ಚರ್ಯಪಡಬಹುದು. ತಲೆಯ ಮೇಲಿನ ಕೊಂಬೆಯಲ್ಲೇ ಹಾಡುತ್ತಿದ್ದರೂ ಅನೇಕರಿಗೆ ಕೇಳಿಸದ ಹಕ್ಕಿಯೊಂದು ಅಲ್ಲಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಗೋಲ್ಡ್‌ಕ್ರೆಸ್ಟ್ ಎಂದು ಹೆಸರು. ನಾವು ಹೊನ್ನನೆತ್ತಿಯೆಂದು ಕರೆಯೋಣ.

ಇದರ ಉದ್ದ ಸುಮಾರು 9 ಸೆಂಟಿಮೀಟರು. ತೂಕ 5ರಿಂದ 6 ಗ್ರಾಂ, ಎಂದರೆ ಹೆಚ್ಚುಕಡಿಮೆ ಅರ್ಧ ತೊಲ. ಯೂರೋಪಿನಿಂದ ಜಪಾನಿನವರೆಗೆ ಅಲ್ಲಲ್ಲಿ ಹರಡಿರುವ ಈ ಜಾತಿಯು ಹಿಮಾಲಯದಲ್ಲಿ ಸ್ಪ್ರೂಸ್, ಫರ್ ಮೊದಲಾದ ಸೂಜಿಯೆಲೆಯ ಮರಗಳನ್ನು ಆಶ್ರಯಿಸಿದೆ. ಚಳಿಗಾಲದಲ್ಲಿ ತಗ್ಗಿನ ಕಾಡುಗಳಿಗೂ ಇಳಿಯುತ್ತದೆ. ನಮ್ಮ ಸಹ್ಯಾದ್ರಿಯಲ್ಲಿ ಇದಿಲ್ಲ.

ಮೈ ಹಸುರುಬೂದು, ರೆಕ್ಕೆಯಲ್ಲಿ ಬಿಳಿಯ ಅಡ್ಡಗೀರುಗಳು, ನೆತ್ತಿಯ ಮೇಲೆ ಕಪ್ಪಂಚಿನ ಹೊಂಬಣ್ಣದ ಪಟ್ಟಿ. ಗಂಡು ಕೆರಳಿದಾಗ ಆ ಪಟ್ಟಿ ಬಿಚ್ಚಿಕೊಂಡು ಒಳಗಿನ ಕಿತ್ತಳೆಯ ಬಣ್ಣ ಬೆಂಕಿಯಂತೆ ಹೊಳೆಯುತ್ತದೆ. ಆದರೆ ಮರದ ಬುಡದಲ್ಲಿ ನಿಂತವನಿಗೆ ಹಕ್ಕಿಯ ನೆತ್ತಿ ಕಾಣುವುದೆಂತು? ಆದುದರಿಂದ ಮುಖವನ್ನು ನೋಡಬೇಕು. ಅದೇ ಮರಗಳಲ್ಲಿ ಹಳದಿ ಸೊಂಟದ ಉಲಿಯಕ್ಕಿಯೊಂದು ಸುಳಿದಾಡುತ್ತದೆ. ಅದಕ್ಕೆ ಕಣ್ಣಿನ ಮೇಲೆ ನೀಳವಾದ ತಿಳಿಬಣ್ಣದ ಹುಬ್ಬುಂಟು. ಹೊನ್ನನೆತ್ತಿಗೆ ಹುಬ್ಬೇ ಇಲ್ಲ. ಮಾಸಲು ಬಿಳುಪಿನ ಬಳೆಯ ನಡುವೆ ದುಂಡನೆಯ ಕರಿಗಣ್ಣು. ಸದಾ ಬೆರಗಾದಂತಹ ನೋಟ.

ಇನ್ನು ಹುಡುಕುವ ಬಗೆ. ಇದರ ‘ಸೀ ಸೀ ಸೀ’ ಎಂಬ ಕೂಗು ಕೂದಲೆಳೆಯಷ್ಟು ಸಣ್ಣದು. ಪಿಯಾನೋವಿನ ಅತ್ಯುಚ್ಚ ಸ್ವರವು ಸೆಕೆಂಡಿಗೆ ಸುಮಾರು 4,200 ಕಂಪನಗಳಾದರೆ, ಈ ಕೂಗು 7,000ದ ಆಸುಪಾಸಿನದು. ವಯಸ್ಸು ಏರಿದಂತೆ ನಮ್ಮ ಕಿವಿ ಮೊದಲು ಕಳೆದುಕೊಳ್ಳುವುದು ಇಂತಹ ಉಚ್ಚಸ್ವರಗಳನ್ನೇ. ಅದೂ ನಮಗೆ ತಿಳಿಯದಂತೆಯೇ.

ಆದುದರಿಂದ ಕಾಡಿಗೆ ಹೋಗುವಾಗ ಮನೆಯ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದೊಯ್ಯಿರಿ. ಚೇಕಡಿ ಹಕ್ಕಿಗಳ ಗುಂಪು ಬಂದ ಕಡೆ ಅಲುಗದೆ ನಿಲ್ಲಿರಿ. ಹೊನ್ನನೆತ್ತಿಯು ಅನೇಕ ವೇಳೆ ಅವುಗಳ ಸಂಗಡವೇ ಸಂಚರಿಸುತ್ತದೆ. ಮಗು ಬೆರಳು ತೋರಿದತ್ತ ಕಣ್ಣಿಡಿ. ರೆಂಬೆಯ ತುದಿಯಲ್ಲಿ ಕ್ಷಣಕಾಲ ರೆಕ್ಕೆ ಬಡಿಯುತ್ತ ನಿಂತು, ಸೂಜಿಯೆಲೆಗಳ ನಡುವಿನ ಸಣ್ಣ ಹುಳುವನ್ನು ಹೆಕ್ಕುವುದು ಕಂಡೀತು.

ಈ ಕೂಗನ್ನು ತಮಗೆ ಇಲ್ಲಿಂದಲೇ ಕೇಳಿಸುವ ಆಸೆ ನನಗಿತ್ತು. ಮಧ್ಯಮ ತರಂಗದ ಪ್ರಸಾರದಲ್ಲಿ ಅಷ್ಟು ಉಚ್ಚವಾದ ಸ್ವರ ಸಾಮಾನ್ಯವಾಗಿ ಉಳಿಯುವುದಿಲ್ಲ. ಅದನ್ನು ಕೇಳಬೇಕಾದರೆ ಬೆಟ್ಟಕ್ಕೇ ಹೋಗಬೇಕು. ಕಿವಿ ಚುರುಕಾಗಿರುವಾಗಲೇ ಹೋಗಬೇಕು.