ಏರು ದಾರಿ, ಬಳಸು ದಾರಿ

ಊರಿನ ತಗ್ಗು ದಿಣ್ಣೆಗಳನ್ನು ನಿಜವಾಗಿ ಬಲ್ಲವನು ಬೈಸಿಕಲ್ಲಿನ ಸವಾರನೊಬ್ಬನೇ ಎಂಬುದು ನನ್ನ ದೃಢವಾದ ನಂಬಿಕೆ. ನಡೆದು ಹೋಗುವವನಿಗೆ ಅವು ಅಷ್ಟಾಗಿ ತೋರುವುದಿಲ್ಲ. ಮೋಟಾರಿನಲ್ಲಿ ಕುಳಿತವನಿಗಂತೂ ತೋರುವುದೇ ಇಲ್ಲ. ಮೈಸೂರು ಅಂಗೈಯಂತೆ ಸಮತಟ್ಟಾದ ಊರೆಂದು ಹೇಳುವ ಮಿತ್ರರೊಬ್ಬರು ನನಗಿದ್ದಾರೆ. ಅವರಿಗೆ ಕಾರುಂಟು. ಸರಸ್ವತೀಪುರದ ನನ್ನ ಮನೆಯಿಂದ ಕಾಲೇಜಿಗೆ ಹೋಗುವ ದಾರಿಯಲ್ಲಿ ಏರೆಷ್ಟು, ಇಳಿಜಾರೆಷ್ಟು ಎಂಬುದನ್ನು ನನ್ನ ಮೊಣಕಾಲುಗಳು ಸರ್ವೇ ಇಲಾಖೆಯವರಿಗಿಂತ ಚೆನ್ನಾಗಿ ಬಲ್ಲವು. ಹೋಗುವಾಗ ಇಳಿಜಾರಾಗಿದ್ದದ್ದು ಬರುವಾಗ ಏರಾಗುತ್ತದೆ. ಸಾಲ ಮಾಡಿದವನು ತೀರಿಸಲೇಬೇಕೆಂಬ ನೀತಿಯನ್ನು ಇಷ್ಟು ನಿಯಮಬದ್ಧವಾಗಿ ದಿನವೂ ಬೋಧಿಸುವ ಗುರು ಬೇರೊಬ್ಬನಿಲ್ಲ.

ನಾನು ಸೈಕಲ್ಲಿಗೆ ಮರಳಿದ್ದು ನಲವತ್ತೆರಡನೆಯ ವಯಸ್ಸಿನಲ್ಲಿ. ಅದಕ್ಕೆ ಕಾರಣ ಆದರ್ಶವೇನೂ ಅಲ್ಲ, ರಕ್ತದೊತ್ತಡ. ವೈದ್ಯರು ದಿನಕ್ಕೆ ಮುಕ್ಕಾಲು ಗಂಟೆ ವ್ಯಾಯಾಮ ಬೇಕೆಂದರು. ಕಾಲೇಜಿಗೆ ಹೋಗಿ ಬರುವುದಕ್ಕೆ ಸರಿಯಾಗಿ ಅಷ್ಟೇ ಹೊತ್ತು ಹಿಡಿಯುತ್ತದೆ. ಮೊದಲ ದಿನ ಸೈಕಲ್ಲನ್ನು ನಿಲ್ಲಿಸಿ, ಪಂಚೆಯಿಲ್ಲದಿದ್ದರೂ ಹಳೆಯ ಅಭ್ಯಾಸದಂತೆ ಕಾಲಿನ ಬಳಿ ಬಟ್ಟೆ ಕೊಡವಿಕೊಂಡು ನಿಂತಾಗ, ಸಹೋದ್ಯೋಗಿಯೊಬ್ಬರು ಹತ್ತಿರ ಬಂದು ಮೆಲ್ಲಗೆ, “ಸ್ಕೂಟರಿಗೆ ಏನಾಯಿತು ಸಾರ್?” ಎಂದು ಕೇಳಿದರು. ದನಿಯಲ್ಲಿ ನಿಜವಾದ ಅನುಕಂಪವಿತ್ತು. ಅಧ್ಯಾಪಕನೆಂದರೆ ಸೈಕಲ್ಲು ಎಂದು ಜನ ಭಾವಿಸುತ್ತಿದ್ದ ಕಾಲವೊಂದಿತ್ತು. ಇಂದು ಅಧ್ಯಾಪಕನ ಸೈಕಲ್ಲು ಒಂದು ಕೌಟುಂಬಿಕ ವಿಪತ್ತಿನ ಸೂಚನೆ.

ನಮ್ಮ ತಂದೆಯವರು ಹಳ್ಳಿಯ ಪ್ರಾಥಮಿಕ ಶಾಲೆಯ ಮೇಷ್ಟರು. ಅವರದು ಕಪ್ಪು ಬಣ್ಣದ, ಕಬ್ಬಿಣದ ಸಲಾಕಿಯ ಬ್ರೇಕಿನ ಹರ್ಕ್ಯುಲಿಸ್ ಗಾಡಿ. ಹಿಂದಿನ ಕಾಲದಲ್ಲಿ ಸೈಕಲ್ಲಿಗೂ ಲೈಸೆನ್ಸಿನ ಬಿಲ್ಲೆ ಇತ್ತು, ಸಂಜೆಯಾದರೆ ದೀಪವಿಲ್ಲದೆ ಹೋಗುವಂತಿರಲಿಲ್ಲ, ಇಬ್ಬರು ಕೂತರೆ ಪೋಲೀಸಿನವನು ಹಿಡಿಯುತ್ತಿದ್ದ ಎಂದೆಲ್ಲ ಅವರು ಹೇಳುತ್ತಿದ್ದರು. ನನಗೆ ಸೈಕಲ್ಲು ಕಲಿಸಿದಾಗ ಅವರು ಹೇಳಿಕೊಟ್ಟ ಪಾಠಗಳು ಎರಡೇ. ಒಂದು: ಎದುರಿಗೆ ಗುಂಡಿಯಿದ್ದರೆ ಗುಂಡಿಯನ್ನು ನೋಡಬೇಡ, ಪಕ್ಕದ ನೆಲವನ್ನು ನೋಡು; ಕಣ್ಣು ಹೋದ ಕಡೆಗೆ ಚಕ್ರ ಹೋಗುತ್ತದೆ. ಎರಡು: ಏರು ಬಂದರೆ ಇಳಿದು ತಳ್ಳು, ಅದರಲ್ಲಿ ಅವಮಾನವಿಲ್ಲ. ಮೊದಲನೆಯದನ್ನು ಕೂಡಲೇ ಒಪ್ಪಿದೆ. ಎರಡನೆಯದನ್ನು ಒಪ್ಪುವುದಕ್ಕೆ ಮೂವತ್ತು ವರ್ಷ ಹಿಡಿಯಿತು.

ಪಟ್ಟಣದ ಸವಾರನಿಗೆ ನೇರವಾದ ದಾರಿ ಎಂಬುದು ಅಪರೂಪದ ವಸ್ತು. ಇಂದು ನೀರಿನ ಕೊಳವೆಗೆ ಅಗೆದಿರುತ್ತಾರೆ, ನಾಳೆ ತಂತಿಗೆ. ನಾಡಿದ್ದು, ಅಗೆದದ್ದನ್ನು ಮುಚ್ಚಲು ಮತ್ತೆ ಅಗೆದಿರುತ್ತಾರೆ. ಮೊದಮೊದಲು ಇದನ್ನು ಕಂಡು ಸಿಡುಕುತ್ತಿದ್ದೆ. ಕ್ರಮೇಣ ಬಳಸು ದಾರಿಗಳೇ ನನಗೆ ಮುಖ್ಯ ದಾರಿಗಳಾದವು. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿತ್ತಿಲಿಗೂ ಹಿತ್ತಿಲಿಗೂ ನಡುವೆ ಉದ್ದಕ್ಕೆ ಹೋಗುವ ಇಕ್ಕಟ್ಟಾದ ಓಣಿಗಳನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಊರಿನವರು ಇವನ್ನು ಕನ್ಸರ್ವೆನ್ಸಿ ಗಲ್ಲಿಗಳೆಂದು ಕರೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಪ್ಲೇಗು ಮೈಸೂರನ್ನು ತಲ್ಲಣಗೊಳಿಸಿದ ಮೇಲೆ, 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ಥಾಪನೆಯಾಯಿತು. ಗಾಳಿ ಬೆಳಕುಗಳಿಗೆ ಎಡೆಯಿಟ್ಟು ಹೊಸ ಬಡಾವಣೆಗಳನ್ನು ಹಾಕಿದರು. ಆ ಯೋಜನೆಯ ಅಂಗವೇ ಈ ಗಲ್ಲಿಗಳು.

ಮಾವಿನ ಕೊಂಬೆಗಳು ಗೋಡೆಯಾಚೆಯಿಂದ ಬಾಗಿರುವ, ಒಳಗೆ ಪಾತ್ರೆ ತೊಳೆಯುವ ಸದ್ದೂ ರೇಡಿಯೋ ಸದ್ದೂ ಕೇಳಿಬರುವ ಈ ಓಣಿಗಳಲ್ಲಿ ಹೋಗುವಾಗ ಮನಸ್ಸಿಗೆ ಹಿತವಾಗುತ್ತದೆ. ಆದರೆ ಅವು ಯಾತಕ್ಕಾಗಿ ಹುಟ್ಟಿದವೆಂಬುದನ್ನು ಮರೆಯಲಾಗದು. ಒಳಚರಂಡಿಯಿಲ್ಲದಿದ್ದ ಕಾಲದಲ್ಲಿ ಮನೆಯ ಮಲವನ್ನು ಹೊತ್ತೊಯ್ಯುವವರು ಮುಂದಿನ ಬೀದಿಯಲ್ಲಿ ಕಣ್ಣಿಗೆ ಬೀಳದಿರಲೆಂದು ಮಾಡಿದ ಹಿಂದಿನ ದಾರಿ ಇದು. ಇಂದು ನನಗೆ ನೆಮ್ಮದಿಯನ್ನು ಕೊಡುವ ಈ ನೆಲದ ಮೇಲೆ ಎಷ್ಟೋ ಮಂದಿ ತಲೆ ತಗ್ಗಿಸಿ ನಡೆದಿದ್ದಾರೆ. ಕಾರಿನಲ್ಲಿ ಓಡಾಡುತ್ತಿದ್ದರೆ ಈ ಸಂಗತಿ ನನ್ನ ಮನಸ್ಸಿಗೆ ಬರುತ್ತಲೇ ಇರಲಿಲ್ಲ.

ಬಿಡುವಿದ್ದ ದಿನ ನಾನು ಇನ್ನೂ ದೂರ ಬಳಸುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯನ್ನು ಹೊರಗಿನಿಂದಲೇ ನೋಡಿಕೊಂಡು ಮಾನಸಗಂಗೋತ್ರಿಯ ಮರಗಳ ನೆರಳಿಗೆ ಸೇರುತ್ತೇನೆ. ಕೆರೆಯ ದಂಡೆಯ ಕಾಲುದಾರಿ ನಡೆಯುವವರಿಗೆ ಸಲ್ಲತಕ್ಕದ್ದು. ಕುವೆಂಪು ಅವರು ವಾಯುಸಂಚಾರ ಮಾಡಿದ ಜಾಗದಲ್ಲಿ ಗಂಟೆ ಬಾರಿಸುತ್ತ ಹೋಗುವ ಧೈರ್ಯ ಕನ್ನಡ ಅಧ್ಯಾಪಕನಿಗೆ ಇರಲಾರದು.

ಹೀಗೆ ಎರಡು ವರ್ಷ ಸುಖವಾಗಿ ನಡೆದಿತ್ತು. ಒಂದು ಬೆಳಗ್ಗೆ ಆತುರಕ್ಕೆ ಬಿದ್ದು ಗಲ್ಲಿಯನ್ನು ಬಿಟ್ಟು ದೊಡ್ಡ ರಸ್ತೆಯಲ್ಲಿ ಹೊರಟೆ. ನಿಂತಿದ್ದ ಕಾರಿನ ಬಾಗಿಲನ್ನು ಮಹನೀಯರೊಬ್ಬರು ಹಿಂದೆ ನೋಡದೆ ತೆರೆದರು. ನಾನು ಬಾಗಿಲಿಗೆ, ಬಾಗಿಲಿನಿಂದ ನೆಲಕ್ಕೆ ಬಿದ್ದೆ. ಎಡಗೈಯ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು ಆರು ವಾರ ಕಟ್ಟು ಹಾಕಿಸಿಕೊಂಡೆ. ಹಿಂದಿನಿಂದ ಬರುತ್ತಿದ್ದ ಬಸ್ಸಿನ ಚಾಲಕನು ಎಚ್ಚರದಿಂದಿದ್ದುದರಿಂದ ಈ ಲೇಖನವನ್ನು ಬರೆಯುವ ಅವಕಾಶ ನನಗೆ ಒದಗಿದೆ.

ಕಟ್ಟು ಬಿಚ್ಚಿದ ಮರುವಾರವೇ ನಾನು ಮತ್ತೆ ಸೈಕಲ್ಲು ಹತ್ತಿದೆ. ಮನೆಯಾಕೆ ಏನೂ ಹೇಳಲಿಲ್ಲ. ಹೇಳದೆ ಇದ್ದದ್ದೇ ಹೆಚ್ಚಾಗಿತ್ತು. ಹೇಳಿದವಳು ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು. “ನಾನೂ ಶಾಲೆಗೆ ಸೈಕಲ್ಲಿನಲ್ಲಿ ಹೋಗುತ್ತೇನೆ” ಎಂದಳು. ನಾನು ಕೂಡಲೇ “ಬೇಡ” ಎಂದೆ. “ಬಿದ್ದವರು ನೀವು. ನೀವು ಹೋಗಬಹುದು, ಬೀಳದ ನಾನು ಹೋಗಬಾರದೆ?” ಎಂದಳು. ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ತಂದೆಯಾದವನ ಹೊಟ್ಟೆಯ ಸಂಕಟದಲ್ಲಿ ಮಾತ್ರ ಇದೆ.

ಅಂದು ರಾತ್ರಿ ನನಗೆ ನಾಚಿಕೆಯಾಯಿತು. ತರಗತಿಯಲ್ಲಿ ಸ್ತ್ರೀಸ್ವಾತಂತ್ರ್ಯದ ಮೇಲೆ ಪಾಠ ಹೇಳುವವನು ನಾನು. ಸ್ತ್ರೀಯರ ಬಿಡುಗಡೆಗೆ ಜಗತ್ತಿನ ಬೇರಾವುದಕ್ಕಿಂತಲೂ ಬೈಸಿಕಲ್ಲು ಹೆಚ್ಚು ನೆರವಾಗಿದೆಯೆಂದು ಅಮೆರಿಕದ ಸೂಸನ್ ಆಂಥೊನಿ 1896ರಲ್ಲಿಯೇ ಅಭಿಪ್ರಾಯಪಟ್ಟಿದ್ದರು. ನೆರೆಯ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದವರು ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿದರು. ಕೂಲಿಯ ಹೆಂಗಸರು, ಗಣಿಯ ಕೆಲಸದವರು ಸಾವಿರಾರು ಸಂಖ್ಯೆಯಲ್ಲಿ ಕಲಿತು ಬೀದಿಗಿಳಿದರು. ನಮ್ಮಲ್ಲಿಯೇ 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದ ಮೇಲೆ, ಹಳ್ಳಿಯ ರಸ್ತೆಗಳಲ್ಲಿ ಹೆಣ್ಣುಮಕ್ಕಳು ಸಾಲಾಗಿ ಶಾಲೆಗೆ ಹೋಗುವ ದೃಶ್ಯವನ್ನು ಕಂಡು ನಾನೇ ಮೆಚ್ಚಿದ್ದುಂಟು. ಅವರೆಲ್ಲರೂ ಬೇರೆಯವರ ಮಕ್ಕಳಾಗಿದ್ದರು ಎಂಬುದಷ್ಟೇ ವ್ಯತ್ಯಾಸ.

ಕಡೆಗೆ ಒಂದು ಒಪ್ಪಂದವಾಯಿತು. ಭಾನುವಾರ ನನ್ನ ಜೊತೆಯಲ್ಲಿ ಚಾಮುಂಡಿ ಬೆಟ್ಟಕ್ಕೆ ಬರಬೇಕು. ಅವಳು ಹೇಗೆ ಸವಾರಿ ಮಾಡುತ್ತಾಳೆಂದು ನೋಡಿ ಆಮೇಲೆ ತೀರ್ಮಾನ. ಏರಿನಲ್ಲಿ ಸೋತು ಅವಳೇ ಸುಮ್ಮನಾಗಬಹುದೆಂಬ ಕಪಟವೂ ನನ್ನ ಮನಸ್ಸಿನ ಮೂಲೆಯಲ್ಲಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು ಒಂದು ಸಾವಿರದ ಅರವತ್ತು ಮೀಟರು. ಊರಿಗಿಂತ ಮುನ್ನೂರು ಮೀಟರಿನಷ್ಟು ಎತ್ತರ. ರಸ್ತೆಯ ಏರು ನಾಲ್ಕೈದು ಕಿಲೋಮೀಟರು. ಹಳೆಯ ಗಾಡಿಗಳಲ್ಲಿ ಮುಂದಿನ ಹಲ್ಲುಗಾಲಿಗೆ 44 ಹಲ್ಲು, ಹಿಂದಿನದಕ್ಕೆ 18. ಪೆಡಲು ಒಂದು ಸುತ್ತು ಬಂದರೆ ಗಾಡಿ ಸುಮಾರು ಐದೂವರೆ ಮೀಟರು ಮುಂದಕ್ಕೆ ಹೋಗುತ್ತದೆ. ಗೇರಿರುವ ನನ್ನ ಗಾಡಿಯ ಅತಿ ಸಣ್ಣ ಜೋಡಣೆಯಲ್ಲಿ ಒಂದು ಸುತ್ತಿಗೆ ಎರಡು ಮೀಟರೂ ಇಲ್ಲ. ಕಾಲಿನ ಒತ್ತಡ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸುತ್ತುಗಳು ಮಾತ್ರ ಮೂರು ಪಾಲಾಗುತ್ತವೆ. ಬೆಟ್ಟ ತನ್ನ ಲೆಕ್ಕದಲ್ಲಿ ಕಾಸನ್ನೂ ಬಿಡುವುದಿಲ್ಲ. ಒಂದೇ ಕಂತಿಗೆ ಬದಲಾಗಿ ಸಣ್ಣ ಕಂತುಗಳಲ್ಲಿ ಕಟ್ಟಲು ಒಪ್ಪುತ್ತದೆ, ಅಷ್ಟೆ. ಈ ಸೌಕರ್ಯವೂ ಸುಲಭವಾಗಿ ಬಂದದ್ದಲ್ಲ. ಫ್ರಾನ್ಸಿನ ಪ್ರಸಿದ್ಧ ಪಂದ್ಯವನ್ನು 1903ರಲ್ಲಿ ಆರಂಭಿಸಿದ ಆಂರಿ ದೆಗ್ರಾಂಜ್, ಗೇರು ವೃದ್ಧರಿಗೆ ತಕ್ಕದ್ದೆಂದು ಭಾವಿಸಿದವನು. ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರವನ್ನು ಬಿಚ್ಚಿ ಮಗುಚಿ ಹಾಕಿ, ಮತ್ತೊಂದು ಬದಿಯ ಹಲ್ಲುಗಾಲಿಗೆ ಸರಪಣಿ ತೊಡಿಸಿ ಏರಬೇಕಾಗಿತ್ತು. ಸರಪಣಿಯನ್ನು ತಾನಾಗಿ ಸರಿಸುವ ಸಾಧನಕ್ಕೆ ಅಲ್ಲಿ ಅನುಮತಿ ದೊರೆತದ್ದು 1937ರಲ್ಲಿ.

ಮಗಳದು ಗೇರಿಲ್ಲದ ಗಾಡಿ. ರೇಸ್ ಕೋರ್ಸಿನ ಕಡೆಯಿಂದ ಹೊರಟು ಬೆಟ್ಟದ ರಸ್ತೆಯನ್ನು ಹಿಡಿದಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಮೊದಲ ತಿರುವು ಕಳೆಯಿತು. ಎರಡನೆಯದರಲ್ಲಿ ಅವಳು ಸದ್ದಿಲ್ಲದೆ ಇಳಿದು ತಳ್ಳತೊಡಗಿದಳು. ಮುಖದಲ್ಲಿ ಸೋತ ಭಾವವೇ ಇರಲಿಲ್ಲ. ತಳ್ಳುವುದೂ ಪ್ರಯಾಣದ ಒಂದು ಭಾಗವೆಂಬಂತೆ ಆಚೀಚೆ ನೋಡುತ್ತ ಬಂದಳು. ನಾನು ಗೇರಿನ ಬಲದಿಂದ ಏದುಸಿರು ಬಿಡುತ್ತ ಅವಳ ನಡಿಗೆಯ ವೇಗದಲ್ಲಿಯೇ ಸಾಗುತ್ತಿದ್ದೆ. ಇನ್ನೊಂದು ತಿರುವಿನಲ್ಲಿ ನನಗೂ ಸಾಧ್ಯವಾಗಲಿಲ್ಲ. ಇಳಿದೆ. 1910ರಲ್ಲಿ ಆ ಫ್ರೆಂಚ್ ಪಂದ್ಯ ಮೊದಲ ಬಾರಿಗೆ ಪಿರನೀಸ್ ಪರ್ವತಗಳನ್ನು ಏರಿದಾಗ, ತೂರ್ಮಲೆ ಘಟ್ಟದಲ್ಲಿ ಒಕ್ತಾವ್ ಲಪೀಜ್ ಎಂಬ ಸವಾರ ಗಾಡಿಯನ್ನು ತಳ್ಳಿಕೊಂಡು ನಡೆಯುತ್ತಿರುವ ಚಿತ್ರವೊಂದಿದೆ. ಆ ವರ್ಷ ಗೆದ್ದವನು ಅವನೇ. ತಂದೆಯವರು ಈ ಚಿತ್ರವನ್ನು ಕಂಡವರಲ್ಲ. ಆದರೂ ಅದರ ತಾತ್ಪರ್ಯವನ್ನು ಬಲ್ಲವರಾಗಿದ್ದರು.

ಊರು ಕಾಣುವ ಕಡೆ ಇಬ್ಬರೂ ನಿಂತೆವು. ಕೆಳಗೆ ಲಲಿತಮಹಲು, ಕಾರಂಜಿ ಕೆರೆ, ದೂರದಲ್ಲಿ ಅರಮನೆ. 2021ರ ಮಳೆಯಲ್ಲಿ ನಂದಿಯ ಕಡೆಯ ರಸ್ತೆ ಕುಸಿದು ಸಂಚಾರ ನಿಂತುಹೋದ ವಿಷಯವನ್ನು ಅವಳಿಗೆ ಹೇಳಿದೆ. ಬೆಟ್ಟವೂ ಒಮ್ಮೊಮ್ಮೆ ಬಳಸಿ ಹೋಗು ಎನ್ನುತ್ತದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ನಮ್ಮ ಮನೆ ಎಲ್ಲಿದೆ, ಶಾಲೆ ಎಲ್ಲಿದೆ ಎಂದು ಹುಡುಕುತ್ತಿದ್ದಳು. ಎರಡರ ನಡುವಿನ ದೂರ ಅಲ್ಲಿಂದ ಒಂದು ಗೇಣೂ ಇರಲಿಲ್ಲ.

ನನ್ನ ಮನಸ್ಸು ತಿರುಗಿದ್ದು ಇಳಿಯುವಾಗ. ಏರಿನಲ್ಲಿ ತಿಳಿಯುವುದು ಕಾಲಿನ ಬಲ. ಇಳಿಜಾರಿನಲ್ಲಿ ತಿಳಿಯುವುದು ಬುದ್ಧಿಯ ಬಲ. ಒಂದೇ ಸಮನೆ ಬ್ರೇಕು ಹಿಡಿದರೆ ಚಕ್ರದ ಬಳೆ ಕಾಯುತ್ತದೆ, ಮುಂದಿನದನ್ನೇ ಗಟ್ಟಿಯಾಗಿ ಹಿಡಿದರೆ ಸವಾರನೇ ಮುಂದಕ್ಕೆ ಹಾರುತ್ತಾನೆ. ಎರಡನ್ನೂ ಹದವಾಗಿ ಹಿಡಿದು ಬಿಟ್ಟು ಮಾಡಬೇಕು ಎಂದಷ್ಟೇ ಹೇಳಿ ಅವಳನ್ನು ಮುಂದೆ ಬಿಟ್ಟೆ. ಪ್ರತಿ ತಿರುವಿಗೂ ಮೊದಲೇ ವೇಗ ಕುಗ್ಗಿಸಿದಳು. ಹಿಂದೆ ವಾಹನದ ಸದ್ದು ಕೇಳಿದರೆ ತಿರುಗಿ ನೋಡಿ ಅಂಚಿಗೆ ಸರಿದಳು. ನಿಂತ ಕಾರೊಂದು ಎದುರಾದಾಗ ಅದರಿಂದ ಒಂದು ಬಾಗಿಲಿನಷ್ಟು ದೂರ ಬಿಟ್ಟು ಹೋದಳು. ಇದನ್ನು ನಾನು ಕಲಿಸಿರಲಿಲ್ಲ; ನನ್ನ ಮಣಿಕಟ್ಟು ಕಲಿಸಿತ್ತು.

ಸೋಮವಾರದಿಂದ ಅವಳು ಶಾಲೆಗೆ ಹೊರಟಳು. ಗಲ್ಲಿಗಳ ದಾರಿಯನ್ನು ಇಬ್ಬರೂ ಕೂತು ಕಾಗದದ ಮೇಲೆ ಬರೆದಿದ್ದೆವು. ದೊಡ್ಡ ರಸ್ತೆಯನ್ನು ಎರಡು ಕಡೆ ಮಾತ್ರ ದಾಟಬೇಕು. ಮೂರು ದಿನ ನಾನು ಇನ್ನೂರು ಗಜ ಹಿಂದೆ ಗೂಢಚಾರನಂತೆ ಹೋದೆ. ನಾಲ್ಕನೆಯ ದಿನ ಒಂದು ಓಣಿಯ ತಿರುವಿನಲ್ಲಿ ಅವಳು ಕಣ್ಮರೆಯಾದಳು. ಮುಂದೆ ಹೋಗಿ ನೋಡಿದರೆ ಗಲ್ಲಿಯನ್ನು ಅಡ್ಡಲಾಗಿ ಅಗೆದು ಮಣ್ಣು ಪೇರಿಸಿದ್ದರು; ಹುಡುಗಿಯ ಸುಳಿವಿಲ್ಲ. ಆ ಹತ್ತು ನಿಮಿಷ ನಾನು ಯಾವ ದಾರಿಯಲ್ಲಿ ಹೇಗೆ ಹೋದೆನೆಂಬುದು ನನಗೆ ನೆನಪಿಲ್ಲ. ಶಾಲೆಯ ಬಾಗಿಲಿಗೆ ಬಂದು ಒಳಗಿಣುಕಿದೆ. ಅವಳ ಸೈಕಲ್ಲು ಸ್ಟ್ಯಾಂಡಿನಲ್ಲಿ ಬೀಗ ಹಾಕಿಕೊಂಡು ನಿಂತಿತ್ತು.

ಸಂಜೆ, ಏನೂ ಅರಿಯದವನಂತೆ, “ದಾರಿಯಲ್ಲಿ ತೊಂದರೆಯಾಯಿತೆ?” ಎಂದು ಕೇಳಿದೆ.

“ಆ ಗಲ್ಲಿ ಅಗೆದಿದ್ದಾರೆ. ಪಕ್ಕದ್ದರಲ್ಲಿ ಹೋದೆ,” ಎಂದಳು, ಪುಸ್ತಕದಿಂದ ತಲೆಯೆತ್ತದೆ. ಸ್ವಲ್ಪ ತಡೆದು, “ನೀವೂ ನಾಳೆಯಿಂದ ಪಕ್ಕದ್ದರಲ್ಲೇ ಬನ್ನಿ,” ಎಂದಳು.

ಅಂದಿನಿಂದ ನಾನು ಹಿಂದೆ ಹೋಗುವುದನ್ನು ಬಿಟ್ಟಿದ್ದೇನೆ. ಮಧ್ಯಾಹ್ನ ಬೇಗ ಮನೆಗೆ ಬಂದ ದಿನ ಮಾತ್ರ, ನಾಲ್ಕೂವರೆಯ ಹೊತ್ತಿಗೆ, ಕೈಯಲ್ಲಿ ಹಿಡಿದ ಉತ್ತರಪತ್ರಿಕೆಯ ಸಾಲುಗಳು ತಲೆಗೆ ಹತ್ತುವುದಿಲ್ಲ. ಹಿತ್ತಿಲಿನ ಗಲ್ಲಿಯಲ್ಲಿ ಗಂಟೆಯ ಸದ್ದಾದ ಮೇಲೆ ಮತ್ತೆ ಓದತೊಡಗುತ್ತೇನೆ.