ರಹದಾರಿಯ ಓದು

ಕನ್ನಡದಲ್ಲಿ ‘ರಹದಾರಿ’ ಎಂಬ ಮಾತೊಂದುಂಟು. ಪಾರಸಿಯಿಂದ ಬಂದು ನಮ್ಮಲ್ಲಿ ನೆಲೆಯೂರಿದ ಮಾತು ಅದು. ‘ರಾಹ್’ ಎಂದರೆ ದಾರಿ. ದಾರಿ ಕಾಯುವವನಿಗೆ ತೋರಿಸಬೇಕಾದ ಅಪ್ಪಣೆಯೇ ರಹದಾರಿ. ಪಾಸ್‌ಪೋರ್ಟು ಬಂದ ಮೇಲೆ ಅದನ್ನೂ ನಮ್ಮವರು ಇದೇ ಹೆಸರಿನಿಂದ ಕರೆದರು. ವೀಸಾಕ್ಕೆ ಮಾತ್ರ ಬೇರೊಂದು ಹೆಸರು ನಮ್ಮಲ್ಲಿ ಬಳಕೆಗೆ ನಿಲ್ಲಲಿಲ್ಲ. ಲ್ಯಾಟಿನ್ ಮೂಲದ ಆ ಮಾತಿಗೆ ‘ನೋಡಿದ್ದು’ ಎಂದಷ್ಟೇ ಅರ್ಥ: ನಿನ್ನ ಕಾಗದವನ್ನು ನೋಡಿದ್ದೇವೆ ಎಂಬ ಗುರುತು.

ಈ ಎರಡು ಕಾಗದಗಳನ್ನು ಒಂದೇ ಎಂದು ಬಗೆಯುವವರು ಬಹಳ. ಆದರೆ ಪಾಸ್‌ಪೋರ್ಟಿನ ಒಳಪುಟವನ್ನು ಓದಿದವರಿಗೆ ಭೇದ ಹೊಳೆಯದೆ ಇರದು. ಅಲ್ಲಿರುವುದು ಆಜ್ಞೆಯಲ್ಲ, ಈ ಪ್ರಜೆಯನ್ನು ಅಡ್ಡಿಯಿಲ್ಲದೆ ಹೋಗಗೊಡಬೇಕು, ಅಗತ್ಯವಾದ ನೆರವು ನೀಡಬೇಕು ಎಂದು ರಾಷ್ಟ್ರಪತಿಯವರ ಹೆಸರಿನಲ್ಲಿ ಮಾಡಿದ ಬಿನ್ನಹ. ಆ ಬಿನ್ನಹಕ್ಕೆ ಪರದೇಶ ಕೊಡುವ ಉತ್ತರವೇ ವೀಸಾ. ಉತ್ತರದಲ್ಲಿ ಷರತ್ತುಗಳಿರುತ್ತವೆ: ಯಾವ ಉದ್ದೇಶಕ್ಕೆ, ಎಷ್ಟು ದಿನಕ್ಕೆ, ಎಷ್ಟು ಬಾರಿಗೆ. ವೀಸಾ ಕೈಯಲ್ಲಿದ್ದರೂ ವಿಮಾನನಿಲ್ದಾಣದ ಅಧಿಕಾರಿ ಒಳಗೆ ಬಿಡದೆ ಹಿಂದಕ್ಕೆ ಕಳಿಸಬಹುದು.

ದೇಶ ಬಿಟ್ಟು ಹೊರಡುವುದು ಪ್ರಜೆಯ ವೈಯಕ್ತಿಕ ಸ್ವಾತಂತ್ರ್ಯಕ್ಕೆ ಸೇರಿದ್ದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಬಂತು. ಹೊರಡುವುದು ಹೀಗೆ ನಮ್ಮ ಹಕ್ಕು. ಆದರೆ ಇನ್ನೊಬ್ಬರ ಮನೆಯನ್ನು ಹೊಗುವುದು ಹಕ್ಕಲ್ಲ, ಅನುಗ್ರಹ. ಈ ವಿವೇಕ ಹೊಸತೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿ ಬರುತ್ತಾನೆ. ಒಂದು ಮಾಷವನ್ನು ಪಡೆದು ಮುದ್ರೆ ಕೊಡುವುದು ಅವನ ಕೆಲಸ. ಮುದ್ರೆಯಿದ್ದವನಿಗಷ್ಟೇ ಜನಪದವನ್ನು ಹೊಗಲೂ ಬಿಡಲೂ ಅವಕಾಶ. ಇಲ್ಲದ ನಾಡಿಗನಿಗೆ 12 ಪಣ ದಂಡ. ಕಳ್ಳಮುದ್ರೆ ತಂದವನು ಪರದೇಶಿಯಾದರೆ ದಂಡದಲ್ಲಿ ಅತಿ ದೊಡ್ಡದೇ ಗತಿ.

ನಮ್ಮ ಕರಾವಳಿಯು ಈ ಕಥೆಯ ಎರಡೂ ಮುಖಗಳನ್ನು ಕಂಡಿದೆ. ಮೊರಾಕ್ಕೊ ದೇಶದ ಇಬ್ನ್ ಬತೂತಾ 1326ರಲ್ಲಿ ಈಜಿಪ್ಟಿನಿಂದ ಸಿರಿಯಾಕ್ಕೆ ಹೋಗುವಾಗ ಕತ್ಯಾ ಎಂಬ ಠಾಣೆಯನ್ನು ದಾಟಿದ. ಪತ್ರವಿಲ್ಲದೆ ಅಲ್ಲಿ ಯಾರಿಗೂ ಪ್ರವೇಶವಿರಲಿಲ್ಲ. ರಾತ್ರಿ ಮರಳನ್ನು ನುಣುಪಾಗಿ ಸವರಿಟ್ಟು ಬೆಳಗ್ಗೆ ಹೆಜ್ಜೆಗುರುತು ಹುಡುಕುತ್ತಿದ್ದರಂತೆ. ಅದೇ ಪ್ರವಾಸಿ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ. ಇಲ್ಲಿ ಅವನು ನೆನೆಯುವುದು ಸುಲ್ತಾನ ಜಮಾಲುದ್ದೀನನ ಆದರವನ್ನು, ಅನ್ನ ತುಪ್ಪ ಉಪ್ಪಿನಕಾಯಿಗಳಿಂದ ತೊಡಗಿ ಮೊಸರಿನಲ್ಲಿ ಮುಗಿಯುವ ಊಟವನ್ನು, ಊರಿನಲ್ಲಿದ್ದ ಹುಡುಗಿಯರ 13 ಹಾಗೂ ಹುಡುಗರ 23 ಶಾಲೆಗಳನ್ನು. ಬೇರೆಲ್ಲಿಯೂ ಇಂಥದನ್ನು ಕಾಣಲಿಲ್ಲವೆಂದು ಅವನು ಬರೆದಿಟ್ಟಿದ್ದಾನೆ.

ಎರಡು ಶತಮಾನ ಕಳೆಯುವುದರೊಳಗೆ ಕಾಲ ತಿರುಗಿತು. ಕರೆಯದೆ ಬಂದ ಪೋರ್ಚುಗೀಸರು ಸಮುದ್ರವೇ ತಮ್ಮದೆಂದು ಸಾರಿ, ಇಲ್ಲಿಯ ಹಡಗುಗಳಿಗೆ ‘ಕರ್ತಾಜ್’ ಎಂಬ ಚೀಟಿಯನ್ನು ಕಡ್ಡಾಯ ಮಾಡಿದರು. ಅರಬೀ ಭಾಷೆಯಲ್ಲಿ ಕಾಗದಕ್ಕಿರುವ ‘ಕಿರ್ತಾಸ್’ ಎಂಬ ಹೆಸರೇ ಅದರ ಮೂಲ. ಹಡಗಿನ ಹೆಸರು, ನಾಖುದಾನ ಹೆಸರು, ಸೇರಬೇಕಾದ ಬಂದರು, ಸಾಗಿಸಬಾರದ ಸರಕು ಎಲ್ಲವೂ ಅದರಲ್ಲಿ ಬರೆದಿರಬೇಕು. ಚೀಟಿಯಿಲ್ಲದ ಹಡಗು, ಚೀಟಿಯ ಮಾತು ಮೀರಿದ ಹಡಗು, ಎರಡೂ ವಶ. ಹೊರ್ಮುಜಿನ ಕುದುರೆಗಳನ್ನು ವಿಜಯನಗರಕ್ಕಾಗಿ ಇಳಿಸಿಕೊಳ್ಳುತ್ತಿದ್ದ ಭಟ್ಕಳದಂಥ ಬಂದರಿನ ವರ್ತಕರು ತಮ್ಮ ಕಡಲಿನಲ್ಲೇ ಪರರ ಅಪ್ಪಣೆ ಬೇಡಬೇಕಾಯಿತು. ಕಾಗದದ ಒಂದು ಸಾಲು ಸರಕನ್ನೂ ಮನುಷ್ಯನನ್ನೂ ಉಳಿಸಬಲ್ಲದು, ಮುಳುಗಿಸಬಲ್ಲದು ಎಂಬುದನ್ನು ಈ ತೀರ ಅಂದೇ ಕಲಿತಿತು.

ಕಲಿತದ್ದನ್ನು ಮರೆತೆವೋ ಏನೋ. ಇಂದು ಭಟ್ಕಳ, ಹೊನ್ನಾವರ, ಕುಮಟಾಗಳಿಂದ ಅನೇಕರು ಕೊಲ್ಲಿಯ ನಾಡುಗಳಿಗೆ ಹೋಗುತ್ತಾರೆ. ಕೆಲವರು ವ್ಯಾಪಾರಕ್ಕೆ, ಕೆಲವರು ಉದ್ಯೋಗಕ್ಕೆ, ಕೆಲವರು ಮಗಳ ಬಾಣಂತನಕ್ಕೆ. ಇವರಲ್ಲಿ ಕಷ್ಟಕ್ಕೆ ಸಿಲುಕುವವನು ಯಾರು? ‘ಪ್ರವಾಸಿ’ ಎಂಬ ಹೆಸರಿನಲ್ಲಿ ದುಡಿಯಲು ಹೋಗುವ ಹುಡುಗ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ಮೊಬೈಲಿನಲ್ಲಿ ಒಂದು ಪ್ರವೇಶಪತ್ರವನ್ನು ತೋರಿಸಿದ. ಅರಬಿಯಲ್ಲೂ ಇಂಗ್ಲಿಷಿನಲ್ಲೂ ಇದ್ದ ಆ ಪತ್ರ ಎರಡು ತಿಂಗಳ ಪ್ರವಾಸದ್ದು. ಅವನು ಹೊರಟದ್ದೋ ಅಂಗಡಿಯ ಕೆಲಸಕ್ಕೆ.

“ಹೋದ ಮೇಲೆ ಅಲ್ಲೇ ಕೆಲಸದ ವೀಸಾ ಮಾಡಿಕೊಡ್ತಾರಂತೆ ಸರ್. ಎಲ್ಲರೂ ಹಾಗೇ ಹೋಗೋದು” ಎಂದ.

“ಹಾಗೆಂದು ಇದರಲ್ಲಿ ಎಲ್ಲಿ ಬರೆದಿದೆ, ತೋರಿಸಪ್ಪ” ಎಂದೆ.

ಅವನು ಬಹಳ ಹೊತ್ತು ಹುಡುಕಿದ. ಮರುದಿನ ಏಜೆಂಟನಲ್ಲಿ ಕರಾರುಪತ್ರ ಕೇಳಿದ. ಆ ಮೇಲೆ ಏಜೆಂಟನು ಫೋನೆತ್ತಲಿಲ್ಲ. ಮುಂಗಡವಾಗಿ ಕೊಟ್ಟದ್ದು ತಾಯಿಯ ಬಳೆಗಳನ್ನು ಒತ್ತೆಯಿಟ್ಟು ತಂದ ಹಣ, ಅದು ಹೋಯಿತು. ಹುಡುಗ ಉಳಿದ.

ಕೆಲವು ದೇಶಗಳಲ್ಲಿ ಒಳಗಿದ್ದುಕೊಂಡೇ ವೀಸಾ ಬದಲಿಸಿಕೊಳ್ಳುವ ದಾರಿ ಇದೆಯೆಂಬುದು ನಿಜ. ಆದರೆ ಬದಲಾಗುವ ತನಕ ಪ್ರವಾಸಿಯ ದುಡಿಮೆ ಕಾನೂನಿನ ಕಣ್ಣಿಗೆ ಅಪರಾಧವೇ. ಸಂಬಳ ತಡೆದರೆ ದೂರು ಹೇಳಲು ಅವನಿಗೆ ನೆಲೆಯಿಲ್ಲ. ಅವಧಿ ಮೀರಿದರೆ ದಿನದ ಲೆಕ್ಕದಲ್ಲಿ ದಂಡ ಬೆಳೆಯುತ್ತದೆ. ಇನ್ನೊಂದು ಸೂಕ್ಷ್ಮವುಂಟು. ಹತ್ತನೆಯ ತರಗತಿ ದಾಟದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ವಲಸೆ ತಪಾಸಣೆಯ ಗುರುತು ಬೀಳುತ್ತದೆ. ಅಂಥವರು ಕೊಲ್ಲಿಯ ರಾಷ್ಟ್ರಗಳೂ ಸೇರಿದಂತೆ ಗೊತ್ತಾದ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ವಲಸೆ ಅಧಿಕಾರಿಯು ಕರಾರನ್ನು ಪರಿಶೀಲಿಸಿ ಅನುಮತಿ ಕೊಡಬೇಕು. ಅದು ಅಡ್ಡಗೋಡೆಯಂತೆ ಕಂಡರೂ ಬಡವನ ಬೆನ್ನಿಗಿರುವ ಆಸರೆ. ಪ್ರವಾಸಕ್ಕೆ ಹೋಗುವವನಿಗೆ ಈ ತಪಾಸಣೆಯಿಲ್ಲ. ಆದುದರಿಂದಲೇ ಕಳ್ಳ ಏಜೆಂಟನಿಗೆ ‘ಪ್ರವಾಸಿ’ ಎಂಬ ಪದ ಅಷ್ಟು ಪ್ರಿಯ. ಪದ ಬದಲಾದೊಡನೆ ಆಸರೆಯೂ ತಪ್ಪಿಹೋಗುತ್ತದೆ.

ಕಡಲಿನಲ್ಲಿ ದುಡಿಯುವವರ ಪಾಡು ಇನ್ನೂ ಕಷ್ಟ. 2018ರಲ್ಲಿ ದುಬೈಯ ದೋಣಿಗಳಲ್ಲಿ ಮೀನು ಹಿಡಿಯುತ್ತಿದ್ದ ಉತ್ತರ ಕನ್ನಡದ 18 ಮಂದಿ ಇರಾನಿನ ಜಲಗಡಿಯೊಳಗೆ ಬಂದರೆಂದು ಅಲ್ಲಿ ಸೆರೆಯಾದರು; ತಿಂಗಳುಗಳು ಉರುಳಿದ ಮೇಲೆ ಊರಿಗೆ ಮರಳಿದರು. ನೆಲದ ಗಡಿಗೆ ಬಾಗಿಲುಂಟು, ಕಾವಲುಂಟು. ನೀರಿನ ಮೇಲೆ ಗೆರೆ ಎಲ್ಲಿ ಕಾಣುತ್ತದೆ? ಕಾಣದ ಗೆರೆಯೂ ಕಾನೂನಿನಲ್ಲಿ ಗೆರೆಯೇ.

ಅಧ್ಯಾಪಕರಾದ ನಮಗೆ ಇಲ್ಲೊಂದು ಪಾಲಿದೆ. ಪಾಸ್‌ಪೋರ್ಟಿನಲ್ಲಿ ಹೆಸರಿನ ಹಿಂದಿನ ಮೊದಲಕ್ಷರಗಳು ಸಲ್ಲುವುದಿಲ್ಲ. ಅವನ್ನು ಬಿಡಿಸಿ ಪೂರ್ತಿಯಾಗಿ ಬರೆಯಬೇಕು. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಒಂಟಿ ಹೆಸರಿನ ಪ್ರವಾಸಿಗಳಿಗೆ ಪ್ರವೇಶವಿಲ್ಲವೆಂದಿತು. ಬಳಿಕ, ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕೆಂದು ಸ್ಪಷ್ಟಪಡಿಸಿತು. ಒಂದನೆಯ ತರಗತಿಯ ದಾಖಲಾತಿಯಲ್ಲಿ ಗುರುಗಳು ಅವಸರದಲ್ಲಿ ಬರೆದ ಹೆಸರು ಇಪ್ಪತ್ತು ವರ್ಷಗಳ ಅನಂತರ ಪರದೇಶದ ಬಾಗಿಲಲ್ಲಿ ಸಾಕ್ಷಿ ಹೇಳುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಆಗಿರಲೆಂದು ನೋಡಿಕೊಳ್ಳುವುದು ಸಣ್ಣ ಕೆಲಸವಲ್ಲ.

ನಿಜವಾದ ಪ್ರವಾಸಿಗೆ ಇಷ್ಟೆಲ್ಲ ಅಂಜಿಕೆ ಬೇಕಿಲ್ಲ. ನೇಪಾಳ, ಭೂತಾನಗಳಿಗೆ ನಮ್ಮವರು ಮತದಾರರ ಗುರುತುಚೀಟಿಯಿಂದಲೇ ಹೋಗಬಹುದು. ಉಳಿದೆಡೆ ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯುಸ್ಸಿರಬೇಕೆಂದು ಹಲವು ದೇಶಗಳು ಕೇಳುತ್ತವೆ. ಹಿಂದಿರುಗುವ ಟಿಕೆಟ್ಟು, ತಂಗುವ ವಿಳಾಸ, ಖರ್ಚಿನ ಹಣ ಇವನ್ನೂ ತೋರಿಸಬೇಕಾಗಬಹುದು. ನಿಯಮಗಳು ಆಗಾಗ ಬದಲಾಗುವುದರಿಂದ ಹೋದವರ ಮಾತಿಗಿಂತ ಆ ದೇಶದ ರಾಯಭಾರ ಕಚೇರಿಯ ಮಾತೇ ಪ್ರಮಾಣ. ಕೆಲಸಕ್ಕೆ ಹೋಗುವವರು ಏಜೆಂಟನ ನೋಂದಣಿಯನ್ನು ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಿಯೇ ಹಣ ಕೊಡಬೇಕು.

ನಮ್ಮ ಶಾಲೆಗಳಲ್ಲಿ ಅರ್ಜಿ ಬರೆಯುವುದನ್ನು ಮಕ್ಕಳಿಗೆ ತಲೆಮಾರುಗಳಿಂದ ಕಲಿಸುತ್ತ ಬಂದಿದ್ದೇವೆ. ಬಂದ ಉತ್ತರವನ್ನು ಓದುವುದನ್ನು ಕಲಿಸಿದ್ದು ಕಡಿಮೆ. ಹಳಗನ್ನಡದ ಪದ್ಯವನ್ನು ಬಿಡಿಸಿ ಅನ್ವಯ ಮಾಡಬಲ್ಲ ವಿದ್ಯಾರ್ಥಿಯು ತನ್ನ ವೀಸಾದ ನಾಲ್ಕು ಸಾಲುಗಳನ್ನು, ಅಂದರೆ ಹೆಸರು, ಉದ್ದೇಶ, ಅವಧಿ, ಪ್ರವೇಶದ ಸಂಖ್ಯೆಗಳನ್ನು ಬಿಡಿಸಲಾರನೆಂದರೆ ಆ ವಿದ್ಯೆ ಅಷ್ಟರ ಮಟ್ಟಿಗೆ ಕುಂದಿದ್ದೇ ಸರಿ. ಕಾಲೇಜಿನ ಕೊನೆಯ ವರ್ಷದಲ್ಲಿ ಒಂದು ಮಧ್ಯಾಹ್ನವನ್ನು ಇದಕ್ಕಾಗಿ ಮೀಸಲಿಟ್ಟರೆ ಪಠ್ಯಕ್ರಮಕ್ಕೆ ಏನೂ ಕೊರತೆಯಾಗದು. ಎಷ್ಟೋ ತಾಯಂದಿರ ಬಳೆಗಳು ಕೈಯಲ್ಲೇ ಉಳಿದಾವು.