ಎಂಜಿನಿಯರಲ್ಲದವರ ಹೆಬ್ಬಾಗಿಲು

ತ್ಯಾಗರಾಜನಗರದಲ್ಲಿ ಸಾಫ್ಟ್‌ವೇರ್ ಉದ್ಯೋಗಿಯಿಲ್ಲದ ಮನೆಯನ್ನು ಹುಡುಕುವುದು ಈಗ ಕಷ್ಟ. ಆದರೆ ಆ ಉದ್ಯೋಗಿಗಳೆಲ್ಲರೂ ಬುಲ್ ಟೆಂಪಲ್ ರಸ್ತೆಯ ಬಿ.ಎಂ.ಎಸ್.ನಂಥ ಎಂಜಿನಿಯರಿಂಗ್ ಕಾಲೇಜುಗಳಿಂದಲೇ ಹೊರಬಂದವರೆಂದು ಭಾವಿಸುವವರು ಈ ಬಡಾವಣೆಯ ಚರಿತ್ರೆಯಲ್ಲಿ ಅರ್ಧವನ್ನಷ್ಟೇ ಬಲ್ಲವರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಗಣಿತವನ್ನೋ ಭೌತವಿಜ್ಞಾನವನ್ನೋ ಓದಿದವರು, ಎನ್.ಆರ್. ಕಾಲೊನಿಯ ಆಚಾರ್ಯ ಪಾಠಶಾಲೆಯಲ್ಲಿ ಬಿ.ಕಾಂ. ಮುಗಿಸಿದವರು, ಸಿ.ಇ.ಟಿ.ಯಲ್ಲಿ ಸೀಟು ಸಿಗದೆ ಬಿ.ಸಿ.ಎ. ಸೇರಿದವರು, ಇವರ ಸಂಖ್ಯೆಯೇನೂ ಅಲ್ಪವಲ್ಲ. “ಎಂಜಿನಿಯರಿಂಗ್ ಸಿಗಲಿಲ್ಲ ಕಣ್ರೀ, ಸುಮ್ಮನೆ ಡಿಗ್ರಿಗೆ ಹಾಕಿದ್ದೇವೆ” ಎಂದು ತಾಯಂದಿರು ತಗ್ಗಿದ ದನಿಯಲ್ಲಿ ಹೇಳಿಕೊಳ್ಳುತ್ತಿದ್ದ ಮಕ್ಕಳೇ ಮುಂದೆ ಒಂದಂತಸ್ತಿನ ಮನೆಯ ಮೇಲೆ ಎರಡನೆಯ ಅಂತಸ್ತನ್ನು ಎಬ್ಬಿಸಿದರು. ಇವರು ನಡೆದ ದಾರಿ ಮಾರುಕಟ್ಟೆಯ ಕೃಪೆಯಿಂದ ತಾನಾಗಿ ತೆರೆದದ್ದೆಂದು ನಾವೆಲ್ಲ ನಂಬಿದ್ದೇವೆ. ಹಾಗಲ್ಲ, ಅದನ್ನು ಒಬ್ಬ ಅಧ್ಯಾಪಕರು ಯೋಚಿಸಿ, ಕಾಗದದ ಮೇಲೆ ಬರೆದು, ಸರ್ಕಾರದ ಮುಂದಿಟ್ಟರು.

ಅವರು ವಿ. ರಾಜಾರಾಮನ್. ಅವರ ಯೋಚನೆಯ ಮೂಲವನ್ನು ತಿಳಿಯಬೇಕಾದರೆ ಕಾನ್ಪುರಕ್ಕೆ ಹೋಗಬೇಕು. 1963ರ ಆಗಸ್ಟಿನಲ್ಲಿ ಅಲ್ಲಿನ ಐ.ಐ.ಟಿ.ಗೆ ಐ.ಬಿ.ಎಂ. 1620 ಎಂಬ ಗಣಕಯಂತ್ರ ಬಂದಿಳಿಯಿತು. ಈ ಯಂತ್ರದ ಮೊದಲ ಮಾದರಿ ಒಂದು ವಿಚಿತ್ರ ಸೃಷ್ಟಿ: ಕೂಡುವುದಕ್ಕೆಂದು ಅದರೊಳಗೆ ಬೇರೆ ಅಂಗವೇ ಇರಲಿಲ್ಲ, ಸ್ಮೃತಿಯಲ್ಲಿ ತುಂಬಿಟ್ಟ ಕೋಷ್ಟಕಗಳನ್ನು ನೋಡಿ ನೋಡಿ, ಮಗ್ಗಿಯ ಪುಸ್ತಕ ಬಿಡಿಸಿಕೊಂಡು ಕುಳಿತ ಹುಡುಗನಂತೆ, ಅದು ಕೂಡುತ್ತಿತ್ತು, ಗುಣಿಸುತ್ತಿತ್ತು. ಹೆಸರಿನಲ್ಲಿಯೇ ಹಿರೇಮಗಳೂರನ್ನು ಹೊತ್ತ ಎಚ್.ಕೆ. ಕೇಶವನ್ ಅಲ್ಲಿನ ಗಣಕಕೇಂದ್ರದ ಮುಖ್ಯಸ್ಥರು; ಎಚ್.ಎನ್. ಮಹಾಬಲ, ರಾಜಾರಾಮನ್ ಮೊದಲಾದ ತರುಣರು ಸಹೋದ್ಯೋಗಿಗಳು. ಇವರು ದೇಶದ ನಾನಾ ಕಡೆಗಳಿಂದ ಬಂದ ವಿಜ್ಞಾನಿಗಳಿಗೆ, ಅಧ್ಯಾಪಕರಿಗೆ ಹತ್ತು ದಿನಗಳ ತರಗತಿಗಳನ್ನು ನಡೆಸಿ ಫೋರ್ಟ್ರಾನ್ ಎಂಬ ಗಣಕಭಾಷೆಯನ್ನು ಕಲಿಸಿದರು. ಒಂದು ಸಾಲಿಗೆ ಒಂದು ರಟ್ಟಿನ ಕಾರ್ಡು, ಕಾರ್ಡಿಗೆ 80 ಅಂಕಣ, ಬರೆಯಬೇಕಾದ ಆಜ್ಞೆ 7ನೆಯ ಅಂಕಣದಿಂದ 72ನೆಯದರೊಳಗೆ. ಒಂದು ರಂಧ್ರ ಪಕ್ಕಕ್ಕೆ ಸರಿದರೆ ಇಡೀ ಲೆಕ್ಕ ವ್ಯರ್ಥ. ಇಷ್ಟು ಶಿಸ್ತನ್ನು ಬೇಡುವ ವಿದ್ಯೆಯೂ ಹತ್ತು ದಿನಗಳಲ್ಲಿ, ಅದಕ್ಕೆ ಮುಂಚೆ ಗಣಕವನ್ನು ಕಣ್ಣಾರೆ ಕಂಡಿರದ ಜನಕ್ಕೆ, ಒಂದು ಮಟ್ಟಿಗೆ ಹತ್ತುವುದನ್ನು ಅವರು ಕಂಡರು. ಯಂತ್ರವನ್ನು ಕಟ್ಟುವುದಕ್ಕೆ ಎಂಜಿನಿಯರು ಬೇಕಾಗಬಹುದು, ಅದರಿಂದ ಕೆಲಸ ತೆಗೆಯುವುದಕ್ಕೆ ಕ್ರಮವಾಗಿ ಯೋಚಿಸಬಲ್ಲವನು ಸಾಕು ಎಂಬ ನಂಬಿಕೆ ರಾಜಾರಾಮನ್ನರಲ್ಲಿ ಬೇರೂರಿದ್ದು ಅಲ್ಲಿಯೇ ಎಂದು ನಾನು ಊಹಿಸುತ್ತೇನೆ. ಮುಂದೆ ಇನ್ಫೋಸಿಸ್ ಕಟ್ಟಿದ ನಾರಾಯಣಮೂರ್ತಿಯವರು ಅವರ ಶಿಷ್ಯರೆಂಬುದನ್ನು ಎಲ್ಲರೂ ಹೇಳುತ್ತಾರೆ. ಆ ಕಂಪನಿಯ ಏಳು ಸ್ಥಾಪಕರಲ್ಲಿ ಇಬ್ಬರು, ಕ್ರಿಸ್ ಗೋಪಾಲಕೃಷ್ಣನ್ ಮತ್ತು ಶಿಬುಲಾಲ್, ಭೌತವಿಜ್ಞಾನದ ಎಂ.ಎಸ್ಸಿ. ಹಾದಿಯಿಂದ ಬಂದವರೆಂಬುದನ್ನು ಯಾರೂ ಹೇಳುವುದಿಲ್ಲ.

1978ರಲ್ಲಿ ಐ.ಬಿ.ಎಂ. ಭಾರತವನ್ನು ಬಿಟ್ಟುಹೋಯಿತು. ಗಣಕಗಳನ್ನು ನಡೆಸಬಲ್ಲ ಜನರನ್ನು ನಾವೇ ಸಿದ್ಧಪಡಿಸಿಕೊಳ್ಳಬೇಕಾದ ಆ ಕಾಲದಲ್ಲಿ, ಎಲೆಕ್ಟ್ರಾನಿಕ್ಸ್ ಆಯೋಗವು ಈ ಸಂಗತಿಯನ್ನು ಪರಿಶೀಲಿಸಲು ನೇಮಿಸಿದ ಸಮಿತಿಗೆ ರಾಜಾರಾಮನ್ ಅಧ್ಯಕ್ಷರಾದರು, ಎಂ.ಸಿ.ಎ. ಎಂಬ ಹೊಸ ಸ್ನಾತಕೋತ್ತರ ಪದವಿಯ ಕಲ್ಪನೆ ಹುಟ್ಟಿದ್ದು ಅಲ್ಲಿ. ಮೂರು ವರ್ಷದ ಓದು. ವಿಜ್ಞಾನದವರಾಗಲಿ ವಾಣಿಜ್ಯದವರಾಗಲಿ, ಗಣಿತದ ಪರಿಚಯವಿದ್ದರೆ ಸೇರಬಹುದು. 1982ರ ಸುಮಾರಿಗೆ ಅದು ಆರಂಭವಾಯಿತು. ಅದೇ ವರ್ಷ ರಾಜಾರಾಮನ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಆಮೇಲಿನ ಹತ್ತು ಹದಿನೈದು ವರ್ಷಗಳ ವೃತ್ತಾಂತ ಸುತ್ತೋಲೆಗಳದು, ಪಠ್ಯಸಮಿತಿಗಳದು. ಓದುಗರನ್ನು ಅದರಲ್ಲಿ ಅಲೆಸುವುದಿಲ್ಲ. ಎಂ.ಸಿ.ಎ.ಯ ನೆರಳಿನಲ್ಲಿ ಬಿ.ಸಿ.ಎ. ಬೆಳೆಯಿತು. 1995ರಲ್ಲಿ ವಿಪ್ರೊ ಕಂಪನಿ ಮತ್ತೊಂದು ಹೆಜ್ಜೆ ಮುಂದಿಟ್ಟು, ಎಂಜಿನಿಯರಲ್ಲದ ಪದವೀಧರರನ್ನು ನೇರವಾಗಿ ಕೆಲಸಕ್ಕೆ ತೆಗೆದುಕೊಂಡು, ಪಿಲಾನಿಯ ಬಿಟ್ಸ್ ಸಂಸ್ಥೆಯೊಡನೆ ಸೇರಿ ಅವರಿಗೆ ಸಾಫ್ಟ್‌ವೇರ್ ಎಂಜಿನಿಯರಿಂಗಿನ ಎಂ.ಎಸ್. ಓದಿಸತೊಡಗಿತು: ವಾರದ ದಿನಗಳಲ್ಲಿ ಕಚೇರಿ, ವಾರಾಂತ್ಯದಲ್ಲಿ ಪಾಠ, ನಾಲ್ಕು ವರ್ಷದ ಕೊನೆಗೆ ಸಂಬಳವೂ ಪದವಿಯೂ. ಡಿಗ್ರಿ ಮುಗಿಸಿದ ಮಗ ಬ್ಯಾಂಕ್ ಪರೀಕ್ಷೆಗೆ ಕೂರಲಿಲ್ಲವಲ್ಲ ಎಂದು ಕೊರಗುತ್ತಿದ್ದ ತಂದೆಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಯಾವುದಿತ್ತು?

ಈಗ ನನ್ನ ಅಸಮಾಧಾನ. 2020ರಿಂದ ಎಂ.ಸಿ.ಎ. ಎರಡು ವರ್ಷಕ್ಕೆ ಇಳಿಯಿತು. ಬಿ.ಸಿ.ಎ. ಓದಿದವರು ಹೇಗೂ ನೇರವಾಗಿ ಎರಡನೆಯ ವರ್ಷಕ್ಕೆ ಸೇರುತ್ತಿದ್ದರು, ಅವರಿಗೆ ಮೊದಲ ವರ್ಷವೇಕೆ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ಮೊದಲ ವರ್ಷವನ್ನು ಇಟ್ಟದ್ದು ಬಿ.ಸಿ.ಎ.ಯವರಿಗಲ್ಲವಷ್ಟೆ! ಲೆಕ್ಕಪತ್ರದ ಪುಸ್ತಕ ಮುಚ್ಚಿ ಬಂದ ಬಿ.ಕಾಂ. ಹುಡುಗಿ, ಆತುರವಿಲ್ಲದೆ, ಮೊದಲ ಪ್ರೋಗ್ರಾಮು ಬರೆದು, ತಪ್ಪಿ, ಮತ್ತೆ ಬರೆಯುತ್ತಿದ್ದ ಕಾಲ ಅದು. ಅವಳಿಗೆ ಈಗ ಉಳಿದಿರುವುದು ಬ್ರಿಡ್ಜ್ ಕೋರ್ಸ್ ಎಂಬ ಅವಸರದ ಏರ್ಪಾಡು. ಹೊರಗಿನವರಿಗಾಗಿ ಕಟ್ಟಿದ ಪದವಿಯಲ್ಲಿ ಕತ್ತರಿ ಬಿದ್ದದ್ದು ಹೊರಗಿನವರ ಪಾಲಿಗೇ.

ನಮ್ಮ ರಾಜ್ಯದ ಕಥೆ ಇನ್ನೂ ಸ್ವಾರಸ್ಯವಾಗಿದೆ. 2021ರಲ್ಲಿ ಹೊಸ ಶಿಕ್ಷಣ ನೀತಿಯನ್ನು ದೇಶದಲ್ಲಿಯೇ ಮೊದಲಿಗೆ ನಾವು ಜಾರಿಗೆ ತಂದೆವು: ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಅಧ್ಯಾಪಕರು ಹೊಸ ಪಠ್ಯಕ್ರಮಕ್ಕೆ ಹೊಂದಿಕೊಳ್ಳುವಷ್ಟರಲ್ಲಿ, 2024ರಲ್ಲಿ, ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದೆವು. ಎರಡು ಸರ್ಕಾರಗಳ ವ್ಯಾಜ್ಯದ ನಡುವೆ ಅಂಕಪಟ್ಟಿ ಹಿಡಿದು ನಿಂತವರು ವಿದ್ಯಾರ್ಥಿಗಳು.

ಇತ್ತ ಮದರಾಸಿನ ಐ.ಐ.ಟಿ., ಕಾನ್ಪುರದಿಂದ ಬಂದ ಮಹಾಬಲರು ಗಣಕವಿಭಾಗವನ್ನು ಬೆಳೆಸಿದ ಸಂಸ್ಥೆ, ನಾವು ಕೈಬಿಟ್ಟ ಆ ಮಾದರಿಯದೇ ಪದವಿಯೊಂದನ್ನು 2020ರಿಂದ ನಡೆಸುತ್ತಿದೆ. ಜೆ.ಇ.ಇ. ಬೇಕಿಲ್ಲ, ನಾಲ್ಕು ವಾರ ಪಾಠ ಹೇಳಿ, ಆಮೇಲೆ ಆ ಪಾಠದ ಮೇಲೆಯೇ ಅರ್ಹತಾ ಪರೀಕ್ಷೆ. ಪಾಠ ಮನೆಯಲ್ಲಿ, ಪರೀಕ್ಷೆ ಊರಿನ ಕೇಂದ್ರದಲ್ಲಿ. ಬೇಕಾದ ಮಟ್ಟದಲ್ಲಿ ಸರ್ಟಿಫಿಕೇಟನ್ನೋ ಡಿಪ್ಲೊಮಾವನ್ನೋ ಪಡೆದು ಹೊರಡಬಹುದು. ಬೆಳಗ್ಗೆ ಕಾಲೇಜಿನಲ್ಲಿ ಬಿ.ಕಾಂ., ರಾತ್ರಿ ಮಹಡಿಯ ಕೋಣೆಯಲ್ಲಿ ಮದರಾಸಿನ ಪೈಥಾನ್ ಪಾಠ ಎಂದು ಎರಡು ಪದವಿಗಳನ್ನು ಒಟ್ಟಿಗೆ ಹಿಡಿದಿರುವ ನೆರೆಮನೆಯ ಹುಡುಗನನ್ನು, ಇಷ್ಟೆಲ್ಲ ಏತಕ್ಕಪ್ಪ ಎಂದು ಕೇಳಿದೆ. “ಇಲ್ಲಿ ಯಾವ ವರ್ಷ ಏನು ಬದಲಾಯಿಸ್ತಾರೋ ಗೊತ್ತಿಲ್ಲ ಅಂಕಲ್” ಎಂದ.